ಹನ್ನೆರಡನೇ ದೋಣಿ

ಶಿಡ್ಲಘಟ್ಟದಲ್ಲಿ ಸಮುದ್ರವಿಲ್ಲ.
ಇರುವುದು ಕೆರೆ, ಅದರಲ್ಲೂ ವರ್ಷಕ್ಕೆ ಎಂಟು ತಿಂಗಳು ಜಾಲಿ.
ಆದರೂ ನೂಲು ಬಿಚ್ಚುವ ರಹಮತ್ ಸಾಬರ ಮಗ ಇಮ್ತಿಯಾಜ್
ಚರಿತ್ರೆ ಪುಸ್ತಕ ಕಂಕುಳಲ್ಲಿಟ್ಟು ಸಂಜೆ ಬಂದ:
‘ತಾತ, ನೀವು ನೇವಿಯಲ್ಲಿದ್ರಂತಲ್ಲ.
ಸಿದ್ಧವಿಲ್ಲದ ನೌಕಾನೆಲೆಯ ಮೇಲೆ
ದಿಢೀರ್ ದಾಳಿ ಯಾಕೆ ಗೆಲ್ಲುತ್ತೆ?
ನಾಲ್ಕು ಅಂಕಕ್ಕೆ.’

ನಾಲ್ಕು ಅಂಕಕ್ಕೆ ಎಷ್ಟು ಹೇಳಬೇಕೋ ತಿಳಿಯದೆ
ಸೊಪ್ಪಿನ ಮೂಟೆ ಸರಿಸಿ ಜಾಗ ಕೊಟ್ಟೆ.

ಹದಿನೈದು ವರ್ಷ ಕೂತದ್ದು ಒಂದು ಹಸಿರು ಗಾಜಿನ ಮುಂದೆ.
ಅದರೊಳಗೆ ಬೆಳಕಿನ ಕಡ್ಡಿಯೊಂದು ಸುತ್ತುತ್ತದೆ,
ಕಣದಲ್ಲಿ ಮೇಟಿ ಸುತ್ತುವ ಎತ್ತಿನ ಹಾಗೆ;
ತುಳಿದಲ್ಲೆಲ್ಲ ರಾಗಿಯಷ್ಟು ಚುಕ್ಕಿ.
ಚುಕ್ಕಿ ಅಂದರೆ ದೋಣಿ, ಹಡಗು, ಹಕ್ಕಿಹಿಂಡು, ಮಳೆ,
ಒಮ್ಮೊಮ್ಮೆ ಏನೂ ಅಲ್ಲ.
ಕಷ್ಟದ ಕೆಲಸವಲ್ಲ. ಏನೂ ಅಲ್ಲದ್ದನ್ನು
ಏನೂ ಅಲ್ಲ ಎಂದು ಎಂಟು ಗಂಟೆ ನೋಡುವುದು, ಅಷ್ಟೆ.

ಅದು ನಿಜದ ಯುದ್ಧವೂ ಅಲ್ಲ, ಅಭ್ಯಾಸ.
ವಾರದೊಳಗೆ ಯಾವಾಗಲಾದರೂ ನಮ್ಮವರೇ ವೈರಿಗಳಾಗಿ ಬರುತ್ತಾರೆ,
ತಡೆಯಿರಿ, ಎಂದಿದ್ದರು.
ಮೊದಲ ರಾತ್ರಿ ಇಡೀ ನೆಲೆ ರೆಪ್ಪೆ ಮುಚ್ಚಲಿಲ್ಲ.
ಎರಡನೇ ರಾತ್ರಿಯೂ.
ಐದನೆಯದರ ಹೊತ್ತಿಗೆ ವೈರಿ ಎಂದರೆ
ಬರುತ್ತೇನೆಂದು ಹೇಳಿ ಬಾರದ ನೆಂಟ.
ಮದ್ದುಗುಂಡು ಬೀಗದೊಳಗೆ; ಬೀಗದಕೈ ಇದ್ದವನು
ಪೂರಿಗೆ ಸಾಲಿನಲ್ಲಿ.
ಕಾವಲುದೋಣಿಯ ಇಂಜಿನ್ನು ಬಿಚ್ಚಿ ಹರಡಿತ್ತು.
ಭಾನುವಾರ.

ದಿನಾ ಸಂಜೆ ಹನ್ನೊಂದು ಮೀನುದೋಣಿ ಹೊರಡುತ್ತಿದ್ದವು,
ನಸುಕಿಗೆ ಹನ್ನೊಂದು ಮರಳುತ್ತಿದ್ದವು.
ಅವತ್ತು ಎಣಿಸಿದೆ: ಹನ್ನೆರಡು.
ಮತ್ತೆ ಎಣಿಸಿದೆ.
‘ಸರ್, ಒಂದು ಹೆಚ್ಚಿಗೆ ಇದೆ.’
ಲೆಫ್ಟಿನೆಂಟ್ ಬರುವಾ ಒಳ್ಳೆಯ ಮನುಷ್ಯ,
ನನ್ನ ಹೆಗಲ ಮೇಲೆ ಕೈಯಿಟ್ಟು ಬಗ್ಗಿ ನೋಡಿದರು:
‘ಯಾರೋ ಹೊಸ ದೋಣಿ ಕೊಂಡಿರಬೇಕು, ಪಾಪ.’

ಇಮ್ತಿಯಾಜ್, ಬರೆದುಕೊಳ್ಳುವುದಾದರೆ ಇಲ್ಲಿ ಬರೆದುಕೊ.
ನಾನು ವಾದ ಮಾಡಲಿಲ್ಲ.
ನನಗೆ ಖುಷಿಯಾಯಿತು.
ಯಾವನೋ ಬೆಸ್ತ ಸಾಲ ತೀರಿಸಿ
ಹೊಸ ಹಲಗೆಗೆ ಅರಿಶಿನ ಹಚ್ಚುವುದು ಕಣ್ಣಿಗೆ ಕಟ್ಟಿತು.
ಆ ದೋಣಿಗೆ ನಾನೇ ಬಣ್ಣ ಬಳಿದೆ, ನೀಲಿ;
ಹೆಸರೂ ಇಟ್ಟೆ.
ಡೈರಿಯಲ್ಲಿ ಹನ್ನೆರಡು ಎಂದು ಬರೆದು ಟೀ ಕುಡಿದೆ.

ಬೆಳಗಾಗಿ ನೋಡಿದರೆ ಮೂರು ಹಡಗಿನ ಹೊಟ್ಟೆಗೆ
ಹಾಳೆ ಅಂಟಿಸಿದ್ದಾರೆ, ಮೈದಾ ಅಂಟು ಇನ್ನೂ ಹಸಿ:
‘ಈ ಹಡಗು ಮುಳುಗಿದೆ.’
ಮುಳುಗಿದ ಹಡಗಿನ ಮೇಲೆ ನಿಂತು ನಾವು ಹಲ್ಲುಜ್ಜಿದೆವು.

ವಿಚಾರಣೆಯಲ್ಲಿ ಎಲ್ಲರದೂ ಒಂದೇ ಮಾತು, ಯಾಕೆ ಕಾಣಲಿಲ್ಲ?
ಕಂಡಿತ್ತಲ್ಲ. ಡೈರಿಯಲ್ಲಿ ನನ್ನದೇ ಅಕ್ಷರ.

‘ತಾತ, ನಾಲ್ಕು ಪಾಯಿಂಟು ಆಗಲಿಲ್ಲ.’

ಅಷ್ಟರಲ್ಲಿ ಹುಳುಮನೆಯಿಂದ ಪಿಳ್ಳಮ್ಮ ಬಂದು
ಅಂಗೈ ಚಾಚಿದಳು.
ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಿದ್ದ ಹುಳು,
ಪಕ್ಕೆಯಲ್ಲಿ ಸಾಸಿವೆಯಷ್ಟು ಕಪ್ಪು.
ಊಜಿ.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಬುಧವಾರವೇ ಹೇಳಿದ್ದಳು, ಬಾಗಿಲ ಪರದೆ ಕೆಳಗೆ ಹರಿದಿದೆ ಎಂದು.
ಗುರುವಾರ ಬಿಳಿ ತಟ್ಟೆಯ ನೀರಲ್ಲಿ ಎರಡು ನೊಣ ತೋರಿಸಿದ್ದಳು.
ನಾನು ಅವಳ ಹೆಗಲ ಮೇಲೆ ಕೈಯಿಟ್ಟು, ಬಗ್ಗಿ ನೋಡಿ,
‘ಮನೆನೊಣ ಕಣೇ’ ಅಂದಿದ್ದೆ.

ಇನ್ನೂರು ಮೊಟ್ಟೆಯ ಬೆಳೆ.
ಎಷ್ಟಕ್ಕೆ ತಗುಲಿದೆಯೋ, ಗೂಡಿಗೆ ತೂತು ಬಿದ್ದ ಮೇಲೆಯೇ ಗೊತ್ತು;
ತೂತು ಗೂಡನ್ನು ನಿಮ್ಮಪ್ಪನೇ ಬೇಡ ಅಂತಾನೆ, ಕೇಳಿ ನೋಡು.

ದಬ್ಬಳ ತಂದೆ, ನೈಲಾನ್ ದಾರ ತಂದೆ,
ಪರದೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ.
ಹುಡುಗ ಪುಸ್ತಕ ಕೆಳಗಿಟ್ಟು ಟಾರ್ಚು ಹಿಡಿದ.
ಒಳಗೆ ಹುಳು ಸೊಪ್ಪು ತಿನ್ನುತ್ತಲೇ ಇದ್ದವು,
ಕಪ್ಪು ಬಿದ್ದವೂ, ಬೀಳದವೂ.
ಹರಿದದ್ದು ಎರಡು ಬೆರಳಗಲ ಅಂದುಕೊಂಡಿದ್ದೆ.
ಕೈ ಹಾಕಿದೆ.
ಮೊಣಕೈವರೆಗೆ ಹೋಯಿತು.